ಟ್ಯೂಲಿಪ್ ಡೈಯಿಂದ ಮುತ್ತುಗದ ಹೂವು

ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಸೀಲು ಹೊಡೆದ ಕೈ ನನ್ನದು. ಚಲನ್ನು, ಚೆಕ್ಕು, ಡ್ರಾಫ್ಟು. ಎಡಗೈ ಕಾಗದ ಸರಿಸುತ್ತಿದ್ದರೆ ಬಲಗೈ ಧಡಧಡನೆ ಹೊಡೆಯುತ್ತಿತ್ತು. ಅಕ್ಷರ ಅರ್ಧ ಮೂಡಿದರೂ ತಾರೀಖು ಕಂಡರೆ ಕೆಲಸ ನಡೆಯುತ್ತಿತ್ತು. ನಿವೃತ್ತಿಯಾದ ಮೇಲೆ ಅದೇ ಕೈಗೆ ಸೀಲನ್ನು ಮೆತ್ತಗೆ ಒತ್ತುವುದು ಕಲಿಸಿದವರು ಮಿಶಿಗನ್ನಿನ ಒಬ್ಬ ಅಜ್ಜಿ.

ಮಗಳ ಬಾಣಂತನಕ್ಕೆ ಹೋಗಿದ್ದೆ. ಮಾರ್ಚ್ ತಿಂಗಳು. ಜಯನಗರದ ನಮ್ಮ ರಸ್ತೆಯಲ್ಲಿ ಹೊಂಗೆ ಚಿಗುರುವ ಹೊತ್ತಿಗೆ ಅಲ್ಲಿ ಹಿತ್ತಿಲ ತುಂಬ ಹಿಮ. ಆ ಹಿಮವನ್ನೇ ತೂರಿಕೊಂಡು ಗೇಣುದ್ದವೂ ಇಲ್ಲದ ಕ್ರೋಕಸ್ ನೇರಳೆ ಮೊಗ್ಗು ಎತ್ತುತ್ತದೆ. ಅದರ ಬೆನ್ನಿಗೆ ಹಳದಿ ಡ್ಯಾಫೊಡಿಲ್, ಮೇ ತಿಂಗಳಿಗೆ ಟ್ಯೂಲಿಪ್. ಅದೇ ರಾಜ್ಯದಲ್ಲಿ ಡಚ್ಚರು ಬಂದು ನೆಲೆಸಿದ ಹಾಲೆಂಡ್ ಎಂಬ ಊರಿದೆ. ಅಲ್ಲಿ 1929ರಲ್ಲಿ ಶುರುವಾದ ಟ್ಯೂಲಿಪ್ ಹಬ್ಬ ಈಗಲೂ ನಡೆಯುತ್ತದೆ. ತಿಂಗಳುಗಟ್ಟಲೆ ಬರೀ ಬಿಳುಪನ್ನೇ ನೋಡಿದ ಜನಕ್ಕೆ ಒಂದು ಹೂವಿನ ಬಣ್ಣ ಎಂಥ ದೊಡ್ಡ ಸಮಾಚಾರ ಎನ್ನುವುದು ಅಲ್ಲಿದ್ದು ನೋಡಿದಾಗಲೇ ನನಗೆ ಗೊತ್ತಾದದ್ದು. ಆ ಸಮಾಚಾರವನ್ನೇ ಅವರು ಕಾರ್ಡು ಮಾಡಿ ಕಳಿಸುತ್ತಾರೆ.

ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಲು ಬಂದಾಗ ಅಂಥದೊಂದು ಕಾರ್ಡು ತಂದಿದ್ದರು. ಡ್ಯಾಫೊಡಿಲ್ಲಿನ ಎಸಳುಗಳು ಕಾಗದ ಬಿಟ್ಟು ಎದ್ದು ನಿಂತಿದ್ದವು, ನಡುವಿನ ಬಟ್ಟಲಿನಲ್ಲಿ ಕಿರುಬೆರಳ ತುದಿ ಇಡಬಹುದಿತ್ತು. ಅಂಗಡಿಯದೇ ಇರಬೇಕೆಂದು ಹಿಂದೆ ತಿರುಗಿಸಿದೆ. ಪೆನ್ಸಿಲಿನಲ್ಲಿ ಅವರ ಹೆಸರಿನ ಮೊದಲ ಅಕ್ಷರ, ಅಷ್ಟೇ. ಮಾರನೆಯ ದಿನ ಮಗು ಮಲಗಿದ ಮೇಲೆ ನಾನು ಅವರ ಮನೆಯ ನೆಲಮಾಳಿಗೆಯಲ್ಲಿದ್ದೆ.

ಮೇಜಿನ ಮೇಲೆ ಒಂದು ಯಂತ್ರ. ಕಬ್ಬಿನ ಹಾಲಿನ ಗಾಡಿಯಲ್ಲಿ ಇರುತ್ತವಲ್ಲ, ಹಾಗೆ ಒಂದರ ಮೇಲೊಂದು ಎರಡು ಉರುಳೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಕರೆಂಟು ಬೇಡ. ಡೈ ಎನ್ನುವುದು ಹೂವಿನ ಹೊರಗೆರೆಯಷ್ಟೇ ಇರುವ ತೆಳ್ಳನೆಯ ಲೋಹದ ಪಟ್ಟಿ. ಒಂದು ಮಗ್ಗುಲಿನ ಅಂಚು ಹರಿತ. ಕೆಳಗೊಂದು ಹಲಗೆ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ, ಆಮೇಲೆ ಕಾಗದ, ಕಾಗದದ ಮೇಲೆ ಹರಿತದ ಮಗ್ಗುಲು ಕೆಳಗಾಗುವಂತೆ ಡೈ, ಎಲ್ಲದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ತಟ್ಟೆ. ಇಷ್ಟನ್ನೂ ಉರುಳೆಗಳ ಸಂದಿಗೆ ಕೊಟ್ಟು ಹಿಡಿ ತಿರುಗಿಸಬೇಕು. ತಟ್ಟೆ ಒಡೆದೇ ಹೋಯಿತೇನೋ ಅನ್ನುವಂತೆ ಲಟಕ್ ಲಟಕ್ ಎಂದು ಸದ್ದಾಗುತ್ತದೆ, ಹೆದರಬಾರದು. ಆಚೆ ಕಡೆ ಹೂ ಬಿಡಿಸಿಕೊಂಡು ಬರುತ್ತದೆ. ಸಣ್ಣ ನರಗಳಿರುವ ಎಲೆ ಪೂರ್ತಿ ಕತ್ತರಿಸದಿದ್ದರೆ ತಟ್ಟೆಯ ಕೆಳಗೆ ಒಂದು ತೆಳು ಹಾಳೆ ಹೆಚ್ಚಿಗೆ ಸೇರಿಸಿದರಾಯಿತು. ಕಾಗದ ಡೈಗೆ ಕಚ್ಚಿಕೊಳ್ಳುತ್ತಿದ್ದರೆ ನಡುವೆ ಮೇಣದ ಕಾಗದದ ತುಂಡು.

ಈ ಡೈಗಳ ಹಿರಿಯರು ಹತ್ತೊಂಬತ್ತನೆಯ ಶತಮಾನದ ಜೋಡು ಮಾಡುವ ಕಾರ್ಖಾನೆಗಳಲ್ಲಿದ್ದರು. ತೊಗಲಿನಲ್ಲಿ ಒಂದೇ ಅಳತೆಯ ಅಟ್ಟೆ ಕತ್ತರಿಸಲು ಮಾಡಿದ ಉಪಾಯ ಅದು. ಅದನ್ನೇ ಚಿಕ್ಕದು ಮಾಡಿ ಶಾಲೆಗಳಿಗೆ ಕಾಗದದ ಅಕ್ಷರ ಕತ್ತರಿಸುವ ಯಂತ್ರ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಎಲಿಸನ್ ಸಂಸ್ಥೆ. 2001ರಲ್ಲಿ ಸಿಜಿಕ್ಸ್ ಎಂಬ ಹೆಸರಿನಲ್ಲಿ ಅದು ಮನೆಯ ಮೇಜಿಗೂ ಬಂತು.

ನಾನೂ ಅಂಥದೊಂದು ಯಂತ್ರ ತಂದುಕೊಂಡ ಹೊಸತರಲ್ಲಿ ಸಾಗರದ ನಮ್ಮ ಅತ್ತಿಗೆ ಕೇಳಿದ್ದರು, "ಕತ್ತರಿಸುವುದೆಲ್ಲ ಮಿಷನ್ನೇ ಆದರೆ ಕೈಕೆಲಸ ಎಲ್ಲಿಂದ ಬಂತೇ?" ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿದೆ. ಮನೆಯಲ್ಲಿ ಮರದ ಅಚ್ಚು ಇದ್ದ ಮಾತ್ರಕ್ಕೆ ಗಿಳಿ, ಕಳಶ ಎದ್ದು ಬರುವುದಿಲ್ಲ; ಪಾಕದ ಹದ ಗೊತ್ತಿರಬೇಕು. ಇಲ್ಲಿಯೂ ಉರುಳೆಯಿಂದ ಬಂದದ್ದು ಚಪ್ಪಟೆ ಕಾಗದದ ಚೂರು ಮಾತ್ರ. ಅದು ಹೂವಾಗುವುದು ಆಮೇಲೆ. ಎಸಳಿನ ಹಿಂಬದಿಗೆ ಒದ್ದೆ ಬೆರಳು ಸೋಕಿಸಿ, ಮೆತ್ತನೆಯ ಹಳೇ ರಬ್ಬರು ಚಪ್ಪಲಿಯ ಅಟ್ಟೆಯ ಮೇಲಿಟ್ಟು, ಸಣ್ಣ ಚಮಚದ ಬೆನ್ನಿನಿಂದ ಸುತ್ತಿ ಸುತ್ತಿ ಉಜ್ಜಿದರೆ ಕಾಗದದ ಬಿಗಿ ಸಡಿಲಿ ಎಸಳು ಬಟ್ಟಲಾಗುತ್ತದೆ. ಅಂಚನ್ನು ಪೆನ್ಸಿಲಿಗೆ ಸುತ್ತಿದರೆ ಹೊರಗೆ ಬಾಗುತ್ತದೆ. ಒಂದೇ ಡೈಯ ಹತ್ತು ಹೂಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ.

ಇನ್ನು ಸೀಲಿನ ವಿಷಯ. ಅವರು ಸ್ಟಾಂಪ್ ಎನ್ನುತ್ತಾರೆ, ನನ್ನ ಬಾಯಿಗೆ ಸೀಲು ಎಂದೇ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದ ಮಾಡುವ ಪೇಟೆಂಟು ಪಡೆದ ಮೇಲೆಯೇ ಒಳ್ಳೆಯ ರಬ್ಬರು ಸೀಲುಗಳು ಸಾಧ್ಯವಾದದ್ದು. ಈಗ ಹೂವಿನ ಸೀಲುಗಳು ಹೆಚ್ಚಾಗಿ ಗಾಜಿನಂತೆ ತಿಳಿಯಾದ ಪಾಲಿಮರಿನವು. ಅವನ್ನು ಅಕ್ರಿಲಿಕ್ ಬಿಲ್ಲೆಗೆ ಅಂಟಿಸಿ ಒತ್ತುವುದು. ಎಲ್ಲಿ ಕೂರುತ್ತದೆ ಎಂದು ಮೇಲಿನಿಂದಲೇ ಕಾಣುವುದು ದೊಡ್ಡ ಅನುಕೂಲ. ಹೊಸ ಸೀಲಿಗೆ ಶಾಯಿ ಹತ್ತದೆ ಹನಿಹನಿಯಾಗಿ ಉಳಿದರೆ ಗಾಬರಿಯಾಗಬೇಡಿ, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಮೇಲಿನ ಜಿಡ್ಡಿನ ಪೊರೆ ಹೋದರೆ ಶಾಯಿ ಸಮನಾಗಿ ಕೂರುತ್ತದೆ. ಒತ್ತುವಾಗ ಬಿಲ್ಲೆಯನ್ನು ಆಡಿಸಬಾರದು. ನೇರ ಇಳಿಸಿ, ಮೂರು ಎಣಿಸಿ, ನೇರ ಎತ್ತಬೇಕು. ಕೌಂಟರಿನ ಅಭ್ಯಾಸ ಬಿಡಲು ನನಗೆ ಆರು ವಾರ ಹಿಡಿಯಿತು.

ನನಗೆ ಅತಿ ಇಷ್ಟವಾದದ್ದು ಒಂದು ಹೂವನ್ನು ಎರಡು ಮೂರು ಸೀಲುಗಳಲ್ಲಿ ಮೂಡಿಸುವ ರೀತಿ. ಮೊದಲು ಹೂವಿನ ಪೂರ್ತಿ ಆಕಾರ, ತೀರಾ ತಿಳಿ ಬಣ್ಣದಲ್ಲಿ. ಅದರ ಮೇಲೆ ನೆರಳಿನ ಭಾಗ. ಕೊನೆಗೆ ಕೇಸರದ, ನರಗಳ ಗಾಢ ಗೆರೆ. ತಿಳಿ ಶಾಯಿಯ ಡಬ್ಬಿ ಬೇರೆ ಇಲ್ಲದಿದ್ದರೂ ನಡೆಯುತ್ತದೆ: ಶಾಯಿ ಹಚ್ಚಿದ ಸೀಲನ್ನು ರದ್ದಿ ಕಾಗದಕ್ಕೆ ಒಮ್ಮೆ ಒತ್ತಿ, ಉಳಿದ ಪಸೆಯನ್ನು ಕಾರ್ಡಿಗೆ ಒತ್ತುವುದು. ಅದೇ ಬಣ್ಣ ಬೆಳಗಿನ ಬೆಳಕಿನಲ್ಲಿ ನೋಡಿದ ಹಾಗೆ ಬರುತ್ತದೆ.

ಊರಿಗೆ ಮರಳಿ ಮೊದಲ ಯುಗಾದಿಗೆ ಕಾರ್ಡು ಮಾಡಲು ಕುಳಿತಾಗ ತೊಡಕು ಎದುರಾಯಿತು. ಡೈಗಳ ಪೆಟ್ಟಿಗೆಯ ತುಂಬ ಟ್ಯೂಲಿಪ್, ಡ್ಯಾಫೊಡಿಲ್, ಚೆರಿ ಹೂ. ಕಿಟಕಿಯ ಹೊರಗೆ ಹೊಂಗೆ, ಹಳದಿ ಟಬೂಬಿಯಾ, ಜಕರಂಡ. ಮಿಶಿಗನ್ನಿನ ಅಜ್ಜಿ ತಮ್ಮ ಹಿತ್ತಿಲಲ್ಲಿ ಕಂಡದ್ದನ್ನು ಕಳಿಸಿದ್ದರು. ನಾನು ಕಾಣದ ಹೂವನ್ನು ಅತ್ತಿಗೆಗೆ ಕಳಿಸಿ ವಸಂತ ಬಂತು ಎಂದರೆ ಅದು ನಿಜವಾಗುವುದಿಲ್ಲ. (ಜಕರಂಡವೂ ದಕ್ಷಿಣ ಅಮೆರಿಕದಿಂದ ಬಂದ ಮರವೇ. ಆದರೆ ನಮ್ಮ ರಸ್ತೆಯಲ್ಲಿ ಬಿದ್ದ ಅದರ ಹೂವನ್ನು ತುಳಿಯದೆ ದಾಟಿಕೊಂಡೇ ನಾನು ಇಷ್ಟು ವರ್ಷ ಬ್ಯಾಂಕಿಗೆ ಹೋದದ್ದು, ಅದು ನಮ್ಮದೇ.) ಇದ್ದ ಡೈಗಳಲ್ಲೇ ನಮ್ಮ ಹೂ ಹುಡುಕಲು ಶುರುಮಾಡಿದೆ.

ಚೆರಿ ಹೂವಿಗೆ ಐದು ಎಸಳು, ಪ್ರತಿಯೊಂದರ ತುದಿಯಲ್ಲಿ ಸಣ್ಣ ಕಚ್ಚು. ಕಚ್ಚನ್ನು ಕತ್ತರಿಯಲ್ಲಿ ದುಂಡಗೆ ಮಾಡಿ, ಹಳದಿ ಕಾಗದವನ್ನು ನೀರಿಗೆ ಸೋಕಿಸಿ ಮುದುಡಿ ಬಿಡಿಸಿದರೆ ಟಬೂಬಿಯಾದ ನೆರಿಗೆ ಬರುತ್ತದೆ. ಬೇವಿನ ಹೂವಿಗೆ ಡೈ ಬೇಕಾಗಲೇ ಇಲ್ಲ, ಅಷ್ಟು ಸಣ್ಣದು. ಪೆನ್ಸಿಲ್ ರಬ್ಬರಿನ ತುದಿಯಲ್ಲಿ ಐದು ಎಸಳು ಕೊರೆದು, ತಿಳಿ ಹಸಿರು ಕಾಗದದ ಮೇಲೆ ಬಿಳಿ ಪಿಗ್ಮೆಂಟ್ ಶಾಯಿಯಲ್ಲಿ ಗೊಂಚಲು ಗೊಂಚಲಾಗಿ ಒತ್ತಿದೆ.

ಮುತ್ತುಗ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಸಾಗರದ ತವರುಮನೆಯಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ, ಒಣಗಿದ ಕುರುಚಲಿನ ನಡುವೆ ಎಲೆಯೇ ಇಲ್ಲದ ಕೊಂಬೆಗಳ ಮೇಲೆ ಕೆಂಡದ ಹಾಗೆ ಅರಳಿರುತ್ತದೆ. ಚಿಕ್ಕಂದಿನಲ್ಲಿ ಅದರ ಎಲೆ ಹಚ್ಚಿ ಊಟದ ಎಲೆ ಮಾಡಿದವಳು ನಾನು, ಆ ಹೂ ನನಗೆ ಬೇಕೇ ಬೇಕಿತ್ತು. ಮೊದಲು ರಬ್ಬರಿನಲ್ಲಿ ಕೊರೆದು ಮಾಮೂಲಿ ಡೈ ಶಾಯಿಯಲ್ಲಿ (ಇದು ಬಣ್ಣದ ಡೈ, ಕತ್ತರಿಸುವ ಡೈ ಅಲ್ಲ) ಗೆರೆ ಒತ್ತಿ, ಮೇಲೆ ಜಲವರ್ಣದ ಕೇಸರಿ ಬಳಿದೆ. ಕುಂಚ ಸೋಕಿದ್ದೇ ತಡ, ಕಪ್ಪು ಗೆರೆ ಕದಡಿ ಕೇಸರಿಯೆಲ್ಲ ಕೆಸರಿನ ಬಣ್ಣಕ್ಕೆ ತಿರುಗಿತು. ಡೈ ಶಾಯಿ ಕಾಗದದೊಳಕ್ಕೆ ಇಳಿದು ಬೇಗ ಒಣಗಿದರೂ ಹೆಚ್ಚಿನವು ನೀರು ಕಂಡರೆ ಮತ್ತೆ ಹರಿಯುತ್ತವೆ. ಮೇಲೆ ಬಣ್ಣ ಬಳಿಯುವುದಿದ್ದರೆ ನೀರಿಗೆ ಜಗ್ಗದ ಶಾಯಿಯಲ್ಲಿ ಒತ್ತಿ, ಪೂರ್ತಿ ಒಣಗಲು ಬಿಡಬೇಕು.

ಕೊನೆಗೆ ದಾರಿ ತೋರಿಸಿದ್ದು ಟ್ಯೂಲಿಪ್. ಅದರ ಎಸಳು ದೋಣಿಯ ಹಾಗೆ, ಎರಡೂ ತುದಿ ಚೂಪು. ಒಂದನ್ನು ಉದ್ದಕ್ಕೆ ಮಡಿಸಿ ಬಾಗಿಸಿದೆ, ಗಿಳಿಯ ಕೊಕ್ಕು ಕಂಡಿತು. ಮುತ್ತುಗದ ಹೂ ಇರುವುದೇ ಹಾಗೆ. ಇನ್ನೊಂದು ಎಸಳನ್ನು ಹಿಂದಕ್ಕೆ ಬಾಗಿಸಿ ನಿಲ್ಲಿಸಿದೆ, ಮೂರನೆಯದನ್ನು ಉದ್ದಕ್ಕೆ ಸೀಳಿ ಎರಡು ಪಕ್ಕಗಳಿಗೆ ಇಟ್ಟೆ. ತೊಟ್ಟಿನ ಬಟ್ಟಲಿಗೆ ಕಪ್ಪುಗಂದು ಕಾಗದ. ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕಿದ್ದರಿಂದ ಮೇಲೆ ನವಿರು ಎದ್ದು ಮಖಮಲ್ಲಿನಂತಾಯಿತು. ಟ್ಯೂಲಿಪ್ಪಿನ ಜೊತೆ ಬಂದ ಎಲೆಯ ಡೈಯನ್ನು ಪೆಟ್ಟಿಗೆಯಲ್ಲೇ ಬಿಟ್ಟೆ, ಹೂ ಬಿಡುವಾಗ ಆ ಮರದಲ್ಲಿ ಎಲೆ ಎಲ್ಲಿರುತ್ತದೆ? ಬರೀ ಕೊಂಬೆ, ಮೂರು ಹೂ. ಅದನ್ನು ಮಾಡಿ ಮುಗಿಸಿದ ರಾತ್ರಿ ತುಂಬ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಕನ್ನಡದ ಸಾಲುಗಳಿಗೆ ಸೀಲು ಮಾಡುವ ಅಂಗಡಿಗೇ ಹೋದೆ. ಬ್ಯಾಂಕಿನಲ್ಲಿದ್ದಾಗ 'ಪಾವತಿಸಲಾಗಿದೆ' ಎಂಬ ಸೀಲು ಮಾಡಿಸಿದ ಹಾಗೇ, 'ಯುಗಾದಿ ಹಬ್ಬದ ಶುಭಾಶಯ' ಎಂದು ನಾನೇ ದುಂಡಗೆ ಬರೆದ ಅಕ್ಷರವನ್ನು ಕೊಟ್ಟು ರಬ್ಬರಿನಲ್ಲಿ ಮಾಡಿಸಿಕೊಂಡೆ. ಅದನ್ನು ನಿಧಾನವಾಗಿ ಒಣಗುವ ಶಾಯಿಯಲ್ಲಿ ಒತ್ತಿ, ಹಸಿಯಿರುವಾಗಲೇ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನಿಂದ ಬಿಸಿ ಮಾಡುತ್ತೇನೆ. ಪುಡಿ ಕರಗಿ ಅಕ್ಷರ ಬಂಗಾರದ ಸರಿಗೆಯಂತೆ ಉಬ್ಬುತ್ತದೆ. ಕೂದಲು ಒಣಗಿಸುವ ಡ್ರೈಯರ್ ಬೇಡ, ಅದರ ಬಿಸಿ ಸಾಲದು, ಗಾಳಿಗೆ ಪುಡಿಯೂ ಹಾರಿಹೋಗುತ್ತದೆ. ಒತ್ತುವ ಮುಂಚೆ ಕಾಗದಕ್ಕೆ ಚೂರು ಟಾಲ್ಕಂ ಪೌಡರ್ ಸವರಿ ಒರೆಸಿದರೆ ಬೇಡದ ಕಡೆ ಪುಡಿ ಅಂಟುವುದಿಲ್ಲ.

ಕಾಗದ ಸುಲ್ತಾನ್‌ಪೇಟೆಯದು, ಮದುವೆ ಪತ್ರಿಕೆಯ ಅಂಗಡಿಗಳ ಸಾಲಿನಲ್ಲಿ 250 ಜಿಎಸ್‌ಎಂ ಹಾಳೆ ಸಿಗುತ್ತದೆ. ಎ4 ಹಾಳೆಯನ್ನು ಅರ್ಧ ಕತ್ತರಿಸಿ ಮಡಿಸಿದರೆ ಒಂದು ಕಾರ್ಡು, ತೂಕ 8 ಗ್ರಾಂ ಹತ್ತಿರ. ಹೂ, ಫೋಮ್ ಟೇಪು, ಲಕೋಟೆ ಎಲ್ಲ ಸೇರಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು 20 ಗ್ರಾಂ ದಾಟಿಲ್ಲ ಎಂದು ನೋಡಿಕೊಳ್ಳುತ್ತೇನೆ, ಅಷ್ಟಕ್ಕೆ 5 ರೂಪಾಯಿಯ ಅಂಚೆಚೀಟಿ ಸಾಕು. ಶುಭಾಶಯ ಪತ್ರದ ಹುಟ್ಟಿಗೂ ಅಂಚೆಗೂ ಹತ್ತಿರದ ನಂಟು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ ದರಕ್ಕೆ ಕಾಗದ ಒಯ್ಯುವ ಅಂಚೆ ಬಂತು. ಅದಕ್ಕಾಗಿ ದುಡಿದವರಲ್ಲಿ ಒಬ್ಬರಾದ ಹೆನ್ರಿ ಕೋಲ್ ಅವರೇ 1843ರಲ್ಲಿ ಮೊದಲ ಕ್ರಿಸ್ಮಸ್ ಕಾರ್ಡು ಅಚ್ಚು ಹಾಕಿಸಿದರು. ಒಂದು ಕಾರ್ಡಿಗೆ ಒಂದು ಶಿಲ್ಲಿಂಗ್, ಅಂದರೆ ಅಂಚೆಯ ವೆಚ್ಚದ ಹನ್ನೆರಡು ಪಟ್ಟು.

ಈ ಸಲ ಹದಿನಾಲ್ಕು ಕಾರ್ಡು. ಅಂಚೆಡಬ್ಬಿಗೆ ಹಾಕದೆ ಕಚೇರಿಗೇ ಒಯ್ದು ಕೈಯಾರೆ ಕೊಡುತ್ತೇನೆ. ಕೌಂಟರಿನ ಹುಡುಗ ಅತ್ತಿಗೆಯ ಲಕೋಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ.

"ಒಳಗೇನಿದೆ ಮೇಡಂ, ಉಬ್ಬಿದೆಯಲ್ಲ?"

"ಮುತ್ತುಗದ ಹೂವು. ಕಾಗದದ್ದು."

ಅವನು ಸೀಲು ಎತ್ತಿದವನು ಹಾಗೇ ತಡೆದು ನನ್ನ ಮುಖ ನೋಡಿದ. "ಹೊಡಿಯಪ್ಪ, ಏನೂ ಆಗಲ್ಲ" ಅಂದೆ. ಅಂಚೆಚೀಟಿ ಕೂರುವುದು ಮೇಲಿನ ಬಲಮೂಲೆಯಲ್ಲಿ, ಸೀಲು ಬೀಳುವುದೂ ಅಲ್ಲಿಯೇ. ಮೂವತ್ತೊಂದು ವರ್ಷ ಹೊಡೆದವಳಿಗೆ ಆ ಪೆಟ್ಟಿನ ಭಾರ ಗೊತ್ತು. ಅದಕ್ಕೆ ಹೂಗಳನ್ನೆಲ್ಲ ಕಾರ್ಡಿನ ಕೆಳಭಾಗದಲ್ಲೇ ಅಂಟಿಸಿ, ಮೇಲೆ ಎಲೆಯಿಲ್ಲದ ಕೊಂಬೆಯನ್ನಷ್ಟೇ ಶಾಯಿಯಲ್ಲಿ ಒತ್ತಿ ಸಪಾಟಾಗಿ ಬಿಟ್ಟಿದ್ದೆ.