ಧ್ವನಿಪಾಠ ಕೇಳಿದರೆ ಪರಭಾಷೆ ಬಂದೀತೆ?

ವಯಸ್ಸು ಬಲಿತ ಮೇಲೆ ಹೊಸ ಭಾಷೆ ನಾಲಿಗೆಗೆ ಹತ್ತುವುದಿಲ್ಲ ಎಂಬುದು ಪರಭಾಷಾ ಕಲಿಕೆಯ ಬಗ್ಗೆ ಬೇರೂರಿರುವ ಮೊದಲ ತಪ್ಪು ಕಲ್ಪನೆ. ಮುಂಬಯಿಯ ಧಾರಾವಿ ಇದನ್ನು ದಿನವೂ ಸುಳ್ಳಾಗಿಸುತ್ತದೆ. ಮಾಹಿಮ್ ಮತ್ತು ಸಾಯನ್ ನಡುವೆ, 2 ಚದರ ಕಿಲೋಮೀಟರಿಗೆ ತುಸು ಮಿಕ್ಕ ನೆಲದಲ್ಲಿ, ಕೋಳಿ ಸಮುದಾಯದ ಬೆಸ್ತರ ಮರಾಠಿ, ಕುಂಭಾರವಾಡದ ಗುಜರಾತಿ, ತಿರುನೆಲ್ವೇಲಿಯಿಂದ ಬಂದವರ ತಮಿಳು, ಉತ್ತರ ಪ್ರದೇಶದವರ ಹಿಂದಿ-ಉರ್ದು, ಉತ್ತರ ಕರ್ನಾಟಕದವರ ಕನ್ನಡ ಒತ್ತೊತ್ತಾಗಿವೆ. ದುಡಿಯುವ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಇಲ್ಲಿನ ಗಾಳಾ ಎಂಬ ಪುಟ್ಟ ಕಾರ್ಖಾನೆಗಳಲ್ಲಿ ಮುಂಬಯಿಯ ಆಡುಮಾತಾದ ಬಂಬಯ್ಯಾ ಹಿಂದಿ ಕಲಿತವರಿಗೆ ಲೆಕ್ಕವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರ ಬಗ್ಗೆ 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮೊದಲ ಕೆಲವು ತಿಂಗಳು ಮುಂದಿದ್ದವರು ಹದಿಹರೆಯದವರು ಮತ್ತು ವಯಸ್ಕರೇ, ಪುಟ್ಟ ಮಕ್ಕಳಲ್ಲ. ಹುಟ್ಟುಭಾಷಿಕರ ಉಚ್ಚಾರ ಬರುವುದು ಮಾತ್ರ ವಯಸ್ಕರಿಗೆ ಕಷ್ಟ. ವ್ಯಾಪಾರಕ್ಕೆ, ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ಎರಡನೆಯ ಕಲ್ಪನೆ ಇದಕ್ಕಿಂತ ಹಾನಿಕರ: ಕೇಳುತ್ತಿದ್ದರೆ ಸಾಕು, ಭಾಷೆ ತಾನಾಗಿ ಬರುತ್ತದೆ ಎಂಬುದು. ಧಾರಾವಿಯಂಥ ಊರನ್ನೇ ಇದಕ್ಕೆ ಸಾಕ್ಷಿಯಾಗಿ ತೋರಿಸಬಹುದು, ಆದರೆ ಅದು ಅರ್ಧ ಸತ್ಯ. ಹೊಲಿಗೆ ಗಾಳಾಕ್ಕೆ ಸೇರಿದ ಹೊಸಬರು ಹಿಂದಿಯನ್ನು ಬರೀ ಕೇಳಿ ಕಲಿಯುವುದಿಲ್ಲ. ಅಳತೆ, ದರ, ಪಗಾರ ಎಲ್ಲವನ್ನೂ ಅದರಲ್ಲೇ ಮಾತಾಡಿ ಇತ್ಯರ್ಥ ಮಾಡಿಕೊಳ್ಳಬೇಕು. ತಪ್ಪಿದರೆ ಎದುರಿನವರು ನಗುತ್ತಾರೆ, ತಿದ್ದುತ್ತಾರೆ, ಮತ್ತೆ ಕೇಳುತ್ತಾರೆ.

ಒಳ್ಳೆಯ ಧ್ವನಿಪಾಠ ಮಾತಾಡಲೇಬೇಕಾದ ಈ ಒತ್ತಡವನ್ನೇ ಸ್ವಲ್ಪಮಟ್ಟಿಗೆ ತರಲು ನೋಡುತ್ತದೆ. ಅಮೆರಿಕದ ಭಾಷಾತಜ್ಞ ಪಾಲ್ ಪಿಮ್ಸ್ಲರ್ 1967ರಲ್ಲಿ ಮುಂದಿಟ್ಟ ಕ್ರಮದಂತೆ, ಹೊಸ ಪದವನ್ನು 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ ಹೀಗೆ ಅಂತರ ಹಿಗ್ಗಿಸುತ್ತಾ ಮತ್ತೆ ಮತ್ತೆ ನೆನಪಿಗೆ ತರಿಸಬೇಕು. ಅವರ ಹೆಸರಿನ ಪಾಠಗಳಲ್ಲಿ ಪ್ರಶ್ನೆ ಕೇಳಿದ ಮೇಲೆ ಧ್ವನಿ ಕೆಲವು ಕ್ಷಣ ನಿಲ್ಲುತ್ತದೆ. ಉತ್ತರವನ್ನು ಗಟ್ಟಿಯಾಗಿ ಹೇಳಲೆಂದೇ ಆ ಬಿಡುವು. ಪಾಠದ ಪ್ರಯೋಜನದ ಬಹುಪಾಲು ಇರುವುದೂ ಅಲ್ಲೇ. ಹೊಲಿಗೆ ಮಷೀನಿನ ಮುಂದೆ ಕೂತು ಪಾಠವನ್ನು ರೇಡಿಯೊ ಹಾಡಿನಂತೆ ಹರಿಯಬಿಟ್ಟರೆ ಕಿವಿಗೆ ಉಚ್ಚಾರದ ಪರಿಚಯವಾದೀತು, ಅಷ್ಟೇ. ಧಾರಾವಿಯ ಹತ್ತಡಿ ಕೋಣೆಯಲ್ಲಿ ನಾಲ್ಕೈದು ಜನರ ನಡುವೆ, ಗಲ್ಫಿನ ಕೆಲಸಕ್ಕೆಂದು ಒಬ್ಬರೇ ಅರಬ್ಬಿ ಮಾತಾಡುವುದು ಮುಜುಗರದ ಕೆಲಸ ನಿಜ. ಪಿಸುಗುಟ್ಟಿದರೂ ಸುಮ್ಮನಿರುವುದಕ್ಕಿಂತ ಮೇಲು. ಆದರೆ ತಪ್ಪು ಉತ್ತರವನ್ನು ಧ್ವನಿಮುದ್ರಿಕೆ ತಿದ್ದದು. ಅದಕ್ಕೆ ಮನುಷ್ಯರೇ ಬೇಕು.

ನಿದ್ದೆಯಲ್ಲಿ ಕೇಳಿ ಕಲಿಯಬಹುದೆಂಬುದು ಹಳೆಯ ಆಸೆ. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಾ ಸಂಶೋಧಕರಾದ ಸೈಮನ್ ಮತ್ತು ಎಮನ್ಸ್ ನಡೆಸಿದ ಪ್ರಯೋಗ 1956ರಲ್ಲೇ ಅದಕ್ಕೆ ತಣ್ಣೀರೆರಚಿತು: ನಿಜವಾಗಿ ನಿದ್ರಿಸಿದವರಿಗೆ ಕೇಳಿಸಿದ ಪದಗಳು ನೆನಪಿರಲಿಲ್ಲ.

ತಿಂಗಳಲ್ಲಿ ನಿರರ್ಗಳ ಮಾತು ಎಂಬ ಭರವಸೆ ಲೆಕ್ಕಕ್ಕೆ ನಿಲ್ಲದು. ದಿನಕ್ಕೆ ಅರ್ಧ ಗಂಟೆಯ 30 ಪಾಠ ಮುಗಿಸಿದರೆ ಆಗುವುದು 15 ಗಂಟೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಅರಬ್ಬಿಗೆ, ಜಪಾನಿಗೆ ಸುಮಾರು 2,200 ತರಗತಿ ಗಂಟೆ ಇಡುತ್ತದೆ. ಇದು ಇಂಗ್ಲಿಷ್ ಮನೆಮಾತಿನವರ ಲೆಕ್ಕ ಎಂಬುದನ್ನು ಮರೆಯುವುದೂ ತಪ್ಪೇ. ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ವಿಭಕ್ತಿಸೂಚಕ ನಾಮಪದದ ನಂತರ ಬರುತ್ತದೆ, ಕನ್ನಡದ ಹಾಗೆಯೇ. ಇಂಗ್ಲಿಷಿನವರಿಗೆ ತೊಡಕೆನಿಸುವ ಈ ಭಾಗ ಕನ್ನಡಿಗರಿಗೆ ಸಲೀಸು.

ಒಂದು ಭಾಷೆಯ ಯಾವ ಪಾಠವಾದರೂ ಆದೀತು ಎಂಬ ಎಣಿಕೆಯೂ ಸರಿಯಲ್ಲ. ದುಬೈ, ದೋಹಾದ ಕೆಲಸಕ್ಕೆ ಹೊರಟವರು ಈಜಿಪ್ಟಿನ ಆಡುಮಾತನ್ನೋ ಗ್ರಂಥಸ್ಥ ಅರಬ್ಬಿಯನ್ನೋ ಕಲಿತರೆ ಗಲ್ಫಿನ ಮಾತುಕತೆ ಪೂರ್ತಿ ಅರ್ಥವಾಗದು. ಕೊಳ್ಳುವ ಮುನ್ನ ಪಾಠ ಯಾವ ಅರಬ್ಬಿಯದೆಂದು ವಿಚಾರಿಸಬೇಕು. ಧ್ವನಿಪಾಠ ಲಿಪಿಯನ್ನು ಕಲಿಸುವುದಿಲ್ಲ. ಅರಬ್ಬಿಯಲ್ಲಿರುವ ಕರಾರುಪತ್ರ ಓದಬೇಕಾದವರು ಅಕ್ಷರಗಳನ್ನು ಪುಸ್ತಕ, ಪೆನ್ನು ಹಿಡಿದೇ ಕಲಿಯಬೇಕು.