ಟಿಕ್ ಟಿಕ್ ಎನ್ನದ ಗ್ಯಾಸ್ ಗೀಸರ್

ರಾಜಾಜಿನಗರದ ಬೆಳಗು. ನಲ್ಲಿ ತಿರುಗಿಸಿದರೆ ಬರೀ ತಣ್ಣೀರು. ಗ್ಯಾಸ್ ಗೀಸರ್‌ನ ‘ಟಿಕ್ ಟಿಕ್’ ಸದ್ದೇ ಇಲ್ಲ.

ಗೀಸರ್‌ನಲ್ಲಿ ಗ್ಯಾಸ್ ಹೊತ್ತಿಸುವ ಕೆಲಸ ಕಿಡಿಯದು. ನೀರಿನ ಒತ್ತಡಕ್ಕೆ ಒಳಗಿನ ಸ್ವಿಚ್ ಆನ್ ಆಗುತ್ತದೆ, 1.5 ವೋಲ್ಟಿನ 2 ದಪ್ಪ ಸೆಲ್‌ಗಳ ಬಲದಿಂದ ಕಿಡಿ ಹಾರುತ್ತದೆ.

ಹಾಗಾಗಿ ಮೊದಲ ಗುಮಾನಿ ಸೆಲ್ ಮೇಲೆಯೇ. ಗ್ಯಾಸ್ ಬಂದ್ ಮಾಡಿ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಕಿಲುಬು ಹಿಡಿದ ತುದಿಗಳನ್ನು ಒರೆಸಬೇಕು. ಆಗಲೂ ಸದ್ದಿಲ್ಲವೇ? ನೀರಿನ ಒತ್ತಡ ಸಾಲದಿರಬಹುದು. ಟ್ಯಾಂಕಿನ ಕೆಳಗೇ ಇರುವ ಮೇಲ್ಮಹಡಿ ಮನೆಗಳಲ್ಲಿ ಇದು ಮಾಮೂಲು. ಕಿಡಿಯ ಪಿನ್, ವೈರ್ ಬದಲಿಸುವುದು ಮಾತ್ರ ಮೆಕ್ಯಾನಿಕ್ ಕೆಲಸ.

ಗೀಸರ್ ಸರಿಹೋದ ಮೇಲೂ ಒಂದು ಎಚ್ಚರಿಕೆ: ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯುತ್ತದೆ. ಗೀಸರ್ ಬಚ್ಚಲಮನೆಯೊಳಗಿದ್ದರೆ ದಯವಿಟ್ಟು ಇಂದೇ ಹೊರಗೆ ಹಾಕಿಸಿ.