ಮೊಲದ ತಳಿ: ಬಣ್ಣ, ತುಪ್ಪಳ, ಕಿವಿ ಮತ್ತು ದಾವಣಗೆರೆಯ ಬಿಸಿಲು

ದಾವಣಗೆರೆಯ ವಿನೋಬನಗರದಂಥ ಬಡಾವಣೆಗಳಲ್ಲಿ ಮಕ್ಕಳ ಹಟಕ್ಕೆ ಮನೆಗೆ ಬರುವ ಮೊಲ ಸಾಮಾನ್ಯವಾಗಿ ಬಿಳಿ ಮೈಯದು, ಕೆಂಪು ಕಣ್ಣಿನದು. ಯಾವ ತಳಿ ಎಂದು ಮಾರುವವರನ್ನು ಕೇಳಿದರೆ ‘ಫಾರಿನ್’ ಎಂಬ ಉತ್ತರ ಬರಬಹುದು. ಅದು ಸುಳ್ಳಲ್ಲ, ಆದರೆ ಅದರಿಂದ ತಿಳಿಯುವುದೂ ಏನಿಲ್ಲ. ಲೋಕದಲ್ಲಿರುವ ಸಾಕುಮೊಲಗಳೆಲ್ಲ ನಮ್ಮ ದೇಶಕ್ಕೆ ಹೊರಗಿನವೇ. ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸಿನ ಬಿಲವಾಸಿ ಕಾಡುಮೊಲ ‘ಓರಿಕ್ಟೋಲೇಗಸ್ ಕ್ಯುನಿಕ್ಯುಲಸ್’ ಇವೆಲ್ಲದರ ಮೂಲ.

ನಮ್ಮ ಹೊಲದ ಬದುಗಳಲ್ಲಿ, ಕುರುಚಲು ಗುಡ್ಡಗಳಲ್ಲಿ ಛಂಗನೆ ಹಾರಿ ಓಡುವ ಕಪ್ಪು ಕತ್ತಿನ ಮೊಲ, ಅಂದರೆ ‘ಲೀಪಸ್ ನೈಗ್ರಿಕೋಲಿಸ್’, ಬೇರೆಯೇ ಕುಲದ್ದು. ಅದರ ಜೀವಕೋಶದಲ್ಲಿ 48 ವರ್ಣತಂತುಗಳಿದ್ದರೆ ಸಾಕುಮೊಲದಲ್ಲಿ ಇರುವುದು 44. ಕಪ್ಪು ಕತ್ತಿನ ಮೊಲ ಬಿಲ ತೋಡುವುದಿಲ್ಲ. ಅದರ ಮರಿಗಳು ಹುಟ್ಟುವಾಗಲೇ ಕೂದಲು ಹೊತ್ತು, ಕಣ್ಣು ತೆರೆದಿರುತ್ತವೆ. ಸಾಕುಮೊಲದ ಮರಿಗಳು ಬೋಳು ಮೈಯವು, ಕಣ್ಣು ಮುಚ್ಚಿದವು. ಎರಡರ ನಡುವೆ ಸಂತಾನವಾಗುವುದಿಲ್ಲ. ಕಾಡಿನ ಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಒಂದೇ ಕಾಡುಪ್ರಾಣಿಯಿಂದ ಒಂದು ಕಿಲೋ ತೂಗುವ ಗಿಡ್ಡ ಮೊಲವೂ ಆರೇಳು ಕಿಲೋ ತೂಗುವ ಫ್ಲೆಮಿಶ್ ಜೈಂಟ್ ಕೂಡ ಬಂದದ್ದು ಮನುಷ್ಯರು ಆರಿಸಿ ಆರಿಸಿ ಕೂಡಿಸಿದ್ದರಿಂದ. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಸಾಕುಪ್ರಾಣಿ ಮತ್ತು ಬೆಳೆಗಳ ಪುಸ್ತಕದಲ್ಲಿ ಮೊಲಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಸಾಕುಮೊಲಗಳ ಮತ್ತು ಕಾಡುಮೊಲಗಳ ತಲೆಬುರುಡೆಗಳನ್ನು ಅಳೆದು ಹೋಲಿಸಿದ್ದ. ಇಂದು ಅಮೆರಿಕದ ಮೊಲ ಸಾಕಣೆಗಾರರ ಸಂಘವೊಂದೇ ಸುಮಾರು 50 ತಳಿಗಳನ್ನು ಮಾನ್ಯ ಮಾಡಿದೆ. ಇಷ್ಟೆಲ್ಲ ತಳಿಗಳನ್ನು ಬೇರ್ಪಡಿಸಲು ನೋಡಬೇಕಾದ್ದು ಮುಖ್ಯವಾಗಿ ನಾಲ್ಕು: ಬಣ್ಣ, ತುಪ್ಪಳ, ಗಾತ್ರ, ಕಿವಿ.

ಮೊದಲು ಬಣ್ಣ. ಬಿಳಿ ಮೈ, ಕೆಂಪು ಕಣ್ಣಿನ ಮೊಲ ಹೆಚ್ಚಾಗಿ ‘ನ್ಯೂಜಿಲೆಂಡ್ ವೈಟ್’ ಅಥವಾ ಅದರ ಬೆರಕೆ. ಹೆಸರಿನಲ್ಲಿ ನ್ಯೂಜಿಲೆಂಡ್ ಇದ್ದರೂ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ. ಅದರ ಮೈಯಲ್ಲಿ ಮೆಲನಿನ್ ಎಂಬ ಬಣ್ಣದ್ರವ್ಯ ತಯಾರಾಗುವುದೇ ಇಲ್ಲ, ಏಕೆಂದರೆ ಅದನ್ನು ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವದ ಜೀನ್ ಕೆಟ್ಟಿದೆ. ಕಣ್ಣಿನಲ್ಲೂ ಬಣ್ಣವಿಲ್ಲದ್ದರಿಂದ ಒಳಗಿನ ರಕ್ತನಾಳಗಳ ಕೆಂಪು ಹೊರಗೆ ಕಾಣುತ್ತದೆ.

ಇದೇ ಜೀನಿಗೆ ಇನ್ನೂ ಕೆಲವು ರೂಪಗಳಿವೆ. ಒಂದು ರೂಪ ಹಳದಿ ಛಾಯೆಯನ್ನಷ್ಟೇ ತೆಗೆದು ಕಪ್ಪನ್ನು ಉಳಿಸುತ್ತದೆ. ಅದರಿಂದ ಬಂದದ್ದು ಚಿಂಚಿಲ್ಲಾ. ಬೂದು ಮೊಲದ ಬೆನ್ನಿನ ಮೇಲೆ ಉಫ್ ಎಂದು ಊದಿ ನೋಡಿ. ತುಪ್ಪಳ ಸುತ್ತ ಹರಡಿ ಉಂಗುರಗಳು ಕಂಡರೆ, ಅಂದರೆ ಬುಡದಲ್ಲಿ ಸ್ಲೇಟಿನ ಬಣ್ಣ, ನಡುವೆ ಬಿಳಿ ಪಟ್ಟಿ, ತುದಿಯಲ್ಲಿ ಕಪ್ಪು ಇದ್ದರೆ, ಅದರಲ್ಲಿ ಚಿಂಚಿಲ್ಲಾ ರಕ್ತವಿದೆ ಎನ್ನಬಹುದು. ಬಿಳಿ ಬಣ್ಣದ ಜೀನ್ ಈ ಸಾಲಿನಲ್ಲಿ ಎಲ್ಲಕ್ಕಿಂತ ದುರ್ಬಲ. ಹಾಗಾಗಿ ಎರಡು ಕೆಂಪು ಕಣ್ಣಿನ ಬಿಳಿ ಮೊಲಗಳನ್ನು ಕೂಡಿಸಿದರೆ ಮರಿಗಳೆಲ್ಲ ಬಿಳಿಯೇ. ಶುದ್ಧ ಚಿಂಚಿಲ್ಲಾದೊಡನೆ ಕೂಡಿಸಿದರೆ ಒಂದು ಮರಿಯೂ ಬಿಳಿಯಾಗುವುದಿಲ್ಲ.

ಮೂರನೆಯ ರೂಪ ಎಲ್ಲಕ್ಕಿಂತ ಸ್ವಾರಸ್ಯದ್ದು. ಮೈ ಬಿಳಿ, ಮೂಗು, ಕಿವಿ, ಪಾದ, ಬಾಲ ಮಾತ್ರ ಕಪ್ಪು. ಹಿಮಾಲಯನ್ ಮತ್ತು ಕ್ಯಾಲಿಫೋರ್ನಿಯನ್ ತಳಿಗಳ ಗುರುತು ಇದೇ. ಇವುಗಳಲ್ಲಿ ಬಣ್ಣದ ಕಿಣ್ವ ಇದೆ, ಆದರೆ ಅದು ಶಾಖ ತಾಳದು. ಮೈಯ ಬೆಚ್ಚನೆಯ ಭಾಗದಲ್ಲಿ ಕೆಲಸ ನಿಲ್ಲಿಸುತ್ತದೆ, ತಂಪಾಗಿರುವ ತುದಿಗಳಲ್ಲಿ ಮಾತ್ರ ಕಪ್ಪು ತಯಾರಿಸುತ್ತದೆ. ಬೆನ್ನಿನ ಕೂದಲು ಬೋಳಿಸಿ ಅಲ್ಲಿ ಮಂಜುಗಡ್ಡೆ ಕಟ್ಟಿದರೆ ಹೊಸ ಕೂದಲು ಕಪ್ಪಾಗಿ ಬೆಳೆಯುತ್ತದೆ ಎಂಬುದು ಜೀವಶಾಸ್ತ್ರದ ಪಠ್ಯಗಳಲ್ಲಿ ಬರುವ ಪ್ರಸಿದ್ಧ ಪ್ರಯೋಗ. ಬೆಚ್ಚನೆಯ ಗೂಡಿನಲ್ಲಿ ಹುಟ್ಟುವ ಮರಿಗಳಲ್ಲಿ ಈ ಗುರುತು ಇನ್ನೂ ಮೂಡಿರುವುದಿಲ್ಲ, ಆಮೇಲೆ ಬರುತ್ತದೆ. ಆದ್ದರಿಂದ ದಾವಣಗೆರೆಯ ಬೇಸಿಗೆಯಲ್ಲಿ ಇಂಥ ಮೊಲದ ಕಪ್ಪು ತುಸು ಮಾಸಿದಂತೆ ಕಂಡರೆ ರೋಗವೆಂದು ಗಾಬರಿಯಾಗಬೇಕಿಲ್ಲ.

ಡಚ್ ತಳಿಯನ್ನು ಮಗುವೂ ಗುರುತಿಸೀತು. ಮುಖದ ನಡುವೆ ಬಿಳಿ ಪಟ್ಟೆ, ಮುಂದಿನ ಅರ್ಧ ಮೈ ಬಿಳಿ, ಹಿಂದಿನ ಅರ್ಧ ಕಪ್ಪು ಅಥವಾ ಬೂದು. ತೂಕ ಎರಡು, ಎರಡೂವರೆ ಕಿಲೋ.

ತುಪ್ಪಳಕ್ಕೆ ಬಂದರೆ ಅಂಗೋರಾದ್ದೇ ಮೊದಲ ಹೆಸರು. ಎಲ್ಲ ಮೊಲಗಳ ಕೂದಲೂ ಒಂದು ಹಂತದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ. ಅಂಗೋರಾದಲ್ಲಿ ‘ಸಾಕು’ ಎನ್ನುವ ಆ ಸೂಚನೆ ತಡವಾಗಿ ಬರುವುದರಿಂದ ಕೂದಲು ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತದೆ. ವರ್ಷಕ್ಕೆ ಹಲವು ಸಲ ಕತ್ತರಿಸಿ ಉಣ್ಣೆ ತೆಗೆಯಬಹುದು. ಭಾರತದಲ್ಲಿ ಇದರ ಕೆಲಸ ನಡೆದಿರುವುದು ಹಿಮಾಚಲದ ಕುಲ್ಲು ಕಣಿವೆಯ ಗಾರ್ಸಾದಂಥ ತಂಪು ಜಾಗಗಳಲ್ಲಿ. ಇದಕ್ಕೆ ತದ್ವಿರುದ್ಧವಾದದ್ದು 1919ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ರೆಕ್ಸ್. ಇದರ ಹೊರಗೂದಲು ಒಳಗೂದಲಿನಷ್ಟೇ ಗಿಡ್ಡ, ಹಾಗಾಗಿ ಮುಟ್ಟಿದರೆ ಮಖಮಲ್ಲಿನಂತೆ. ಮೀಸೆಯೂ ಸುರುಳಿ ಸುತ್ತಿರುತ್ತದೆ. ರೆಕ್ಸ್ ಗುರುತಿಸಲು ಅದೇ ಸುಲಭದ ದಾರಿ.

ಗಾತ್ರದಲ್ಲಿ ನ್ಯೂಜಿಲೆಂಡ್ ವೈಟ್, ವೈಟ್ ಜೈಂಟ್, ಗ್ರೇ ಜೈಂಟ್, ಸೋವಿಯತ್ ಚಿಂಚಿಲ್ಲಾ ಬೆಳೆದಾಗ ನಾಲ್ಕರಿಂದ ಐದು ಕಿಲೋ ತೂಗುತ್ತವೆ. ಕೊನೆಯ ಮೂರೂ ಅಂದಿನ ಸೋವಿಯತ್ ಒಕ್ಕೂಟದಿಂದ ಮಾಂಸದ ಸಾಕಣೆಗೆಂದು ಭಾರತಕ್ಕೆ ಬಂದವು. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇಂಥ ತಳಿಗಳ ಮೇಲೆ ಕೆಲಸ ಮಾಡಿದೆ. ನಮಗೆ ಹತ್ತಿರದ ಅದರ ಕೇಂದ್ರ ಇರುವುದು ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ. ವೈಟ್ ಜೈಂಟನ್ನು ನ್ಯೂಜಿಲೆಂಡ್ ವೈಟ್‌ನಿಂದ ಬರಿಗಣ್ಣಲ್ಲಿ ಬೇರ್ಪಡಿಸುವುದು ಕಷ್ಟ. ಅಲ್ಲಿ ನೆರವಾಗುವುದು ತಾಯಿ ತಂದೆಯ ದಾಖಲೆ ಮಾತ್ರ.

ಗಿಡ್ಡ ತಳಿಗಳ ಮುದ್ದು ರೂಪದ ಹಿಂದೆ ಒಂದು ಕ್ರೂರ ಲೆಕ್ಕವಿದೆ. ಗಿಡ್ಡತನ ತರುವ ಜೀನ್ ಒಂದು ಪ್ರತಿ ಬಂದರೆ ಮೊಲ ಗಿಡ್ಡವಾಗುತ್ತದೆ. ಎರಡು ಪ್ರತಿ ಬಂದರೆ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಎರಡು ಅಪ್ಪಟ ಗಿಡ್ಡ ಮೊಲಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ. ಇನ್ನೊಂದು ಎಚ್ಚರ: ಯಾವ ದೊಡ್ಡ ತಳಿಯ ಮರಿಯೂ ಒಂದು ತಿಂಗಳಿಗೆ ಅಂಗೈಯಲ್ಲಿ ಕೂರುವಂತೆಯೇ ಇರುತ್ತದೆ. ‘ಡ್ವಾರ್ಫ್’ ಎಂದು ಹೆಚ್ಚಿನ ಬೆಲೆ ಹೇಳಿದರೆ ಮರಿಯನ್ನಲ್ಲ, ಅದರ ತಾಯಿಯನ್ನು ತೋರಿಸಲು ಕೇಳಿ.

ಜೋಲುಕಿವಿಯ ‘ಲಾಪ್’ ತಳಿಗಳ ಕಿವಿ ಬುಡದಲ್ಲೇ ಮಡಚಿಕೊಳ್ಳುವುದರಿಂದ ಒಳಗೆ ಗುಗ್ಗೆ ಸೇರಿ ಸೋಂಕಾಗುವ ಸಂಭವ ಹೆಚ್ಚು. ಕಿವಿಗೆ ಇನ್ನೂ ದೊಡ್ಡ ಕೆಲಸವಿದೆ. ಮೊಲ ನಮ್ಮಂತೆ ಬೆವರಿ ತಂಪಾಗಲಾರದು. ರಕ್ತನಾಳಗಳು ತುಂಬಿದ ತೆಳುಕಿವಿಯ ಮೂಲಕವೇ ಅದು ಮೈಯ ಶಾಖವನ್ನು ಹೊರಗೆ ಹಾಕುತ್ತದೆ. ಅದಕ್ಕೆ ಹಿತವಾದ ಹವೆ 15ರಿಂದ 21 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಮೇವು ಬಿಟ್ಟು ಏದುಸಿರು ಬಿಡತೊಡಗುತ್ತದೆ, ಗಂಡಿನ ವೀರ್ಯಶಕ್ತಿ ಕುಗ್ಗುತ್ತದೆ. 35ರ ಮೇಲೆ ಪ್ರಾಣಕ್ಕೇ ಅಪಾಯ. ದಾವಣಗೆರೆ, ಹರಿಹರಗಳಲ್ಲಿ ಏಪ್ರಿಲ್ ಮಧ್ಯಾಹ್ನ 37, 38 ಡಿಗ್ರಿ ಮುಟ್ಟುವುದು ಮಾಮೂಲು. ತಾರಸಿಯ ಮೇಲೆ, ತಗಡಿನ ಶೀಟಿನ ಕೆಳಗೆ ಇಟ್ಟ ಪಂಜರದ ಒಳಗೆ ಇನ್ನೂ ಹೆಚ್ಚು.

ಆದ್ದರಿಂದ ನಮ್ಮ ಊರಿನಲ್ಲಿ ತಳಿಯ ಆಯ್ಕೆ ಚಂದಕ್ಕಿಂತ ಮುಂಚೆ ಬಿಸಿಲಿನ ಪ್ರಶ್ನೆ. ಅಂಗೋರಾ ಇಲ್ಲಿ ಬೇಡವೇ ಬೇಡ. ಲಾಪ್ ಮತ್ತು ಭಾರಿ ಗಾತ್ರದ ತಳಿಗಳೂ ಬೇಡ. ಗಿಡ್ಡ ಕೂದಲು, ನೆಟ್ಟಗಿನ ಕಿವಿ, ಮಧ್ಯಮ ಗಾತ್ರ ಇರುವ ಡಚ್ ಆಗಲಿ, ಅಂಥದೇ ಮೈಕಟ್ಟಿನ ಬೆರಕೆಯಾಗಲಿ ಮನೆಗೆ ಸಾಕು. ಅದನ್ನೂ ಮನೆಯೊಳಗೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಬೇಸಿಗೆಯ ಮಧ್ಯಾಹ್ನ ಪಂಜರದ ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಕುಡಿಯಲು ತಣ್ಣೀರು ಸದಾ ಇರಲಿ. ಹಲ್ಲು ಬದುಕಿಡೀ ಬೆಳೆಯುವ ಪ್ರಾಣಿಯಾದ್ದರಿಂದ ಕ್ಯಾರೆಟ್ಟಿಗಿಂತ ಗರಿಕೆ ಮತ್ತು ಒಣಹುಲ್ಲೇ ಅದರ ಮುಖ್ಯ ಆಹಾರವಾಗಬೇಕು. ಇಷ್ಟು ಮಾಡಲು ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಯಾವ ತಳಿಯ ಮೊಲವನ್ನೂ ತರಬೇಡಿ.